ಮ್ಯಾಗ್ನೆಟಿಕ್ ಬಿಲ್ಡಿಂಗ್ ಬೋರ್ಡ್: ಮಾದರಿ ಕಟ್ಟುವವರಿಗೆ ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ

ಬಾಲ್ಸಾ ಮರದಲ್ಲಿ ವಿಮಾನದ ಮಾದರಿ ಕಟ್ಟುವವರು ಮೊದಲಿನಿಂದಲೂ ನೆಚ್ಚಿಕೊಂಡು ಬಂದಿರುವುದು ಮೆತ್ತನೆಯ ಹಲಗೆ ಮತ್ತು ಗುಂಡುಸೂಜಿಗಳನ್ನು. ನಕಾಶೆಯನ್ನು ಹಲಗೆಯ ಮೇಲೆ ಹಾಸಿ, ಅದರ ಮೇಲೆ ಅಂಟು ಹಿಡಿಯದ ತೆಳು ಹಾಳೆ ಹೊದಿಸಿ, ಕಡ್ಡಿಗಳನ್ನು ಗೆರೆಗೆ ಸರಿಯಾಗಿಟ್ಟು, ಪಿನ್ ಚುಚ್ಚಿ, ಅಂಟು ಒಣಗುವವರೆಗೆ ಕಾಯುವುದು ಆ ಪದ್ಧತಿ. ಮ್ಯಾಗ್ನೆಟಿಕ್ ಬೋರ್ಡಿನಲ್ಲಿ ಮೆತ್ತನೆಯ ಹಲಗೆಯ ಜಾಗಕ್ಕೆ ಉಕ್ಕಿನ ತಗಡು ಬರುತ್ತದೆ, ಪಿನ್ನಿನ ಜಾಗಕ್ಕೆ ಅಯಸ್ಕಾಂತ ಹಾಗೂ ಅಯಸ್ಕಾಂತವನ್ನು ಬುಡದಲ್ಲಿ ಕೂರಿಸಿದ ಸಣ್ಣ ಸಣ್ಣ ಆಸರೆಗಳು ಬರುತ್ತವೆ. ಪಿನ್ ಮಾಡುವ ಕೆಲಸವನ್ನೇ ಇದು ಇನ್ನಷ್ಟು ಸುಲಭವಾಗಿ ಮಾಡಿಕೊಡುತ್ತದೆ ಎಂಬ ನಿರೀಕ್ಷೆಯಲ್ಲಿ ಕೊಂಡವರಿಗೆ ಈ ಬೋರ್ಡು ಅರ್ಧದಷ್ಟಾದರೂ ನಿರಾಸೆ ಮಾಡುತ್ತದೆ, ಏಕೆಂದರೆ ಎರಡರ ಕೆಲಸ ಒಂದೇ ಅಲ್ಲ. ಪಿನ್ ಕಡ್ಡಿಯನ್ನು ಹಲಗೆಗೆ ಬಂಧಿಸುತ್ತದೆ. ಅಯಸ್ಕಾಂತ ಕಡ್ಡಿಯ ಮಗ್ಗುಲಲ್ಲಿ ನಿಂತು ಅದು ಆಚೀಚೆ ಸರಿಯದಂತೆ ತಡೆಯುತ್ತದೆ, ಅಷ್ಟೆ. ಲಂಬವಾಗಿ ನಿಲ್ಲಿಸಬೇಕಾದ ಭಾಗಗಳಿದ್ದಲ್ಲಿ ಈ ಏರ್ಪಾಡಿಗೆ ಸಾಟಿಯಿಲ್ಲ. ಬಗ್ಗಿಸಿ ಹಿಡಿಯಬೇಕಾದಲ್ಲಿ, ಮೇಲಿನಿಂದ ಅದುಮಬೇಕಾದಲ್ಲಿ ಹಳೆಯ ಪಿನ್ನೇ ವಾಸಿ. ಬೋರ್ಡಿನ ಬಗ್ಗೆ ನನಗಿರುವ ಮೆಚ್ಚುಗೆ ಮತ್ತು ತಕರಾರು ಎರಡೂ ಹುಟ್ಟುವುದು ಈ ಒಂದು ವ್ಯತ್ಯಾಸದಿಂದಲೇ.

ಮೊದಲು ತಗಡಿನ ಮಾತು. ಮಾರಾಟಕ್ಕೆ ಸಿಗುವ ಅಗ್ಗದ ಬೋರ್ಡುಗಳಲ್ಲಿ ತಗಡಿನ ದಪ್ಪ ಅರ್ಧ ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ ಇರುತ್ತದೆ. ತಗಡು ಇಷ್ಟು ತೆಳುವಾದರೆ ಅಯಸ್ಕಾಂತದಿಂದ ಹೊರಟ ಬಲರೇಖೆಗಳನ್ನೆಲ್ಲ ತನ್ನೊಳಗೆ ಸಾಗಿಸಲಾರದೆ ಅದು ಸಂತೃಪ್ತವಾಗಿಬಿಡುತ್ತದೆ, ಆಮೇಲೆ ಎಷ್ಟೇ ಬಲವಾದ ಅಯಸ್ಕಾಂತ ತಂದಿಟ್ಟರೂ ಹಿಡಿತ ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಅಯಸ್ಕಾಂತದ ಪೊಟ್ಟಣದ ಮೇಲೆ ಬರೆದಿರುವ ಕಿಲೋ ಲೆಕ್ಕದ ಸೆಳೆತವನ್ನು ದಪ್ಪನೆಯ ಉಕ್ಕಿನ ಗಟ್ಟಿಯ ಮೇಲೆ ಅಳೆದಿರುತ್ತಾರೆ ಎಂಬುದನ್ನು ಮರೆತವರು, ತಮ್ಮ ಬೋರ್ಡಿನ ಮೇಲೆ ಅದೇ ಅಯಸ್ಕಾಂತ ಸಲೀಸಾಗಿ ಜಾರುವುದನ್ನು ಕಂಡು ಅಯಸ್ಕಾಂತವನ್ನೇ ದೂರುತ್ತಾರೆ. 0.8ರಿಂದ 1 ಮಿಲಿಮೀಟರ್ ದಪ್ಪದ ಸಾದಾ ಉಕ್ಕಿನ ಅಥವಾ ಸತು ಲೇಪಿಸಿದ ತಗಡು ಸಾಧಾರಣ ಕೆಲಸಕ್ಕೆಲ್ಲ ಸಾಕು. ನೋಡಲು ಚೆನ್ನಾಗಿದೆಯೆಂದು ಸ್ಟೇನ್‌ಲೆಸ್ ತಗಡನ್ನು ಆರಿಸುವವರು ಅದರ ದರ್ಜೆಯನ್ನು ಕೇಳಿಕೊಳ್ಳಬೇಕು: 304 ದರ್ಜೆಯದಕ್ಕೆ ಅಯಸ್ಕಾಂತ ಹೆಚ್ಚುಕಡಿಮೆ ಹಿಡಿಯುವುದೇ ಇಲ್ಲ, 430 ದರ್ಜೆಯದಕ್ಕೆ ಹಿಡಿಯುತ್ತದೆ.

ಆದರೆ ಹಿಡಿತಕ್ಕಿಂತ ದೊಡ್ಡ ಪ್ರಶ್ನೆ ಸಮತಲದ್ದು. ರೆಕ್ಕೆಯನ್ನು ತಿರುಚಿದ ಹಲಗೆಯ ಮೇಲೆ ಕಟ್ಟಿದರೆ ರೆಕ್ಕೆಯೂ ತಿರುಚಿಕೊಂಡೇ ಹೊರಬರುತ್ತದೆ, ಆ ತಿರುಚು ಹಾರಾಟದಲ್ಲಿ ಒಂದು ಮಗ್ಗುಲಿಗೆ ವಾಲುವ ಚಾಳಿಯಾಗಿ ಉಳಿದುಬಿಡುತ್ತದೆ. ತೆಳು ತಗಡು ತನ್ನಷ್ಟಕ್ಕೆ ಸಮತಟ್ಟಾಗಿರುವುದಿಲ್ಲ; ನಡುವೆ ಉಬ್ಬಿಕೊಂಡಿರುತ್ತದೆ, ಬೆರಳಿನಿಂದ ಒತ್ತಿದರೆ ಟಪ್ಪೆಂದು ಒಳಕ್ಕೆ ಹೋಗಿ ಇನ್ನೊಂದು ಕಡೆ ಏಳುತ್ತದೆ. ಆದ್ದರಿಂದ ಅದರ ಕೆಳಗೆ ದಪ್ಪ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ), ದಪ್ಪ ಗಾಜು ಅಥವಾ ಕಲ್ಲಿನ ಚಪ್ಪಡಿಯಂಥ ಗಟ್ಟಿ ತಳ ಇರಲೇಬೇಕು. ಸಿದ್ಧ ಬೋರ್ಡುಗಳಲ್ಲಿ ತಗಡನ್ನು ಎಂಡಿಎಫ್‌ನ ಒಂದೇ ಮೈಗೆ ಅಂಟಿಸಿರುವುದು ಹೆಚ್ಚು, ನನ್ನ ಮೊದಲ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ಮರದ ನಾರಿನ ಹಲಗೆ ಗಾಳಿಯ ತೇವಕ್ಕೆ ಹಿಗ್ಗಿ ಕುಗ್ಗುತ್ತದೆ, ಉಕ್ಕು ತೇವಕ್ಕೆ ಹಿಗ್ಗುವುದಿಲ್ಲ. ಎರಡನ್ನೂ ಒಂದೇ ಮಗ್ಗುಲಲ್ಲಿ ಬಿಗಿದು ಅಂಟಿಸಿದರೆ ಋತು ಬದಲಾದಂತೆ ಹಲಗೆ ಬಿಲ್ಲಾಗುತ್ತದೆ. ಎರಡೂ ಮೈಗೆ ತಗಡು ಅಂಟಿಸಿದ ಬೋರ್ಡು ಸಿಕ್ಕರೆ ಅದೇ ಉತ್ತಮ, ಇಲ್ಲವಾದರೆ ತಗಡನ್ನು ಅಂಟಿಸದೆ ಸುಮ್ಮನೆ ತಳದ ಮೇಲಿಟ್ಟು ಅಂಚುಗಳಲ್ಲಿ ಮಾತ್ರ ಹಿಡಿಸಿದ ಬೋರ್ಡು ಮೇಲು. ಕೊಂಡ ದಿನವೇ ಬೋರ್ಡಿನ ಎರಡು ತುದಿಗಳಲ್ಲಿ ಅಡ್ಡಲಾಗಿ ಎರಡು ನೇರ ಪಟ್ಟಿಗಳನ್ನು ನಿಲ್ಲಿಸಿ, ಕಣ್ಣನ್ನು ಅವುಗಳ ಮಟ್ಟಕ್ಕೆ ತಂದು, ಹತ್ತಿರದ ಪಟ್ಟಿಯ ಮೇಲಂಚು ದೂರದ ಪಟ್ಟಿಯ ಮೇಲಂಚಿಗೆ ಸಮಾನಾಂತರವಾಗಿ ಕಾಣುತ್ತದೆಯೇ ಎಂದು ನೋಡಬೇಕು. ಬಿಗಿಯಾಗಿ ಎಳೆದ ದಾರವನ್ನು ಮೂಲೆಯಿಂದ ಮೂಲೆಗೆ ಹಿಡಿದರೆ ಉಬ್ಬು ತಗ್ಗುಗಳೂ ತಿಳಿಯುತ್ತವೆ. ಈ ಎರಡು ಪರೀಕ್ಷೆಯಲ್ಲಿ ಸೋತ ಬೋರ್ಡಿಗೆ ಬೇರೆ ಯಾವ ಗುಣವಿದ್ದೂ ಪ್ರಯೋಜನವಿಲ್ಲ.

ತೂಕದ ವಿಷಯವನ್ನೂ ಇಲ್ಲೇ ಮುಗಿಸುವುದು ವಾಸಿ. 1 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, 1 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಸುಮಾರು 2.4 ಕಿಲೋ ತೂಗುತ್ತದೆ, 18 ಮಿಲಿಮೀಟರ್ ಎಂಡಿಎಫ್ ಸೇರಿದರೆ ಒಟ್ಟು 6 ಕಿಲೋ ದಾಟುತ್ತದೆ. ಊಟದ ಮೇಜಿನ ಮೇಲೆ ಕೆಲಸ ಮಾಡಿ ದಿನವೂ ಎತ್ತಿಡುವವರಿಗೆ ಇದು ಹೊರೆ. ಖಾಯಂ ಮೇಜು ಇರುವವರಿಗೆ ಇದೇ ಭಾರ ಅನುಕೂಲ.

ಇನ್ನು ಅಯಸ್ಕಾಂತಗಳು. ಬಳಕೆಯಲ್ಲಿರುವವು ಎರಡು ಬಗೆ. ಒಂದು ಬೂದು ಕಪ್ಪು ಬಣ್ಣದ ಫೆರೈಟ್, ಇನ್ನೊಂದು ನಿಕಲ್ ಲೇಪದಿಂದ ಹೊಳೆಯುವ ನಿಯೋಡಿಮಿಯಮ್. ಎರಡನೆಯದನ್ನು 1980ರ ದಶಕದ ಆರಂಭದಲ್ಲಿ ಜಪಾನಿನ ಸುಮಿಟೊಮೊ ಮತ್ತು ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಗಳ ಸಂಶೋಧಕರು ಬೇರೆ ಬೇರೆಯಾಗಿ ರೂಪಿಸಿದರು. ಫೆರೈಟ್‌ನ ಉಳಿಕೆ ಕಾಂತತೆ (ಅಯಸ್ಕಾಂತ ತನ್ನಲ್ಲೇ ಉಳಿಸಿಕೊಂಡಿರುವ ಕಾಂತತೆಯ ಅಳತೆ) ಸುಮಾರು 0.4 ಟೆಸ್ಲಾ ಇದ್ದರೆ ನಿಯೋಡಿಮಿಯಮ್‌ನದು 1.2ರಿಂದ 1.4 ಟೆಸ್ಲಾ, ಸೆಳೆತ ಈ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಕಾಳಿನಷ್ಟು ನಿಯೋಡಿಮಿಯಮ್ ಕೂಡ ಬೆರಳಿಗೆ ಸವಾಲಾಗುತ್ತದೆ. ಹಾಗೆಂದು ಎಲ್ಲವನ್ನೂ ನಿಯೋಡಿಮಿಯಮ್‌ನಲ್ಲೇ ಕೊಳ್ಳುವುದು ಜಾಣತನವಲ್ಲ. ಬೋರ್ಡಿನ ಮೇಲೆ ನಕಾಶೆಯ ಕಾಗದ, ಅದರ ಮೇಲೆ ತೆಳು ಪ್ಲಾಸ್ಟಿಕ್, ಕೆಲವೊಮ್ಮೆ ತಗಡಿನ ಬಣ್ಣದ ಪದರ, ಹೀಗೆ ಅಯಸ್ಕಾಂತಕ್ಕೂ ಉಕ್ಕಿಗೂ ನಡುವೆ ಯಾವಾಗಲೂ ಒಂದಿಷ್ಟು ಅಂತರ ಇದ್ದೇ ಇರುತ್ತದೆ. ಈ ಅಂತರದಿಂದಾಗುವ ನಷ್ಟ ಅಯಸ್ಕಾಂತದ ಗಾತ್ರವನ್ನು ಅವಲಂಬಿಸಿರುತ್ತದೆ: ಚಿಕ್ಕ ತೆಳು ಬಿಲ್ಲೆ ಒಂದೇ ಕಾಗದದ ದಪ್ಪಕ್ಕೆ ತನ್ನ ಬಲದ ಗಣನೀಯ ಪಾಲನ್ನು ಕಳೆದುಕೊಳ್ಳುತ್ತದೆ, ದಪ್ಪನೆಯ ಫೆರೈಟ್ ಗಟ್ಟಿ ಅಷ್ಟಾಗಿ ಕಳೆದುಕೊಳ್ಳುವುದಿಲ್ಲ. ಜೊತೆಗೆ ಫೆರೈಟ್ ಗಟ್ಟಿಗೆ ತನ್ನದೇ ಎತ್ತರ ಇರುವುದರಿಂದ ಅದನ್ನು ನೇರವಾಗಿ ಕಡ್ಡಿಯ ಪಕ್ಕಕ್ಕೆ ತಳ್ಳಿ ನಿಲ್ಲಿಸಬಹುದು, ತೆಗೆಯುವಾಗ ಉಗುರು ಕೀಳುವ ಪ್ರಸಂಗವೂ ಬರುವುದಿಲ್ಲ. ನನ್ನ ಲೆಕ್ಕದಲ್ಲಿ ಬಿಡಿ ಅಯಸ್ಕಾಂತಗಳಾಗಿ ಫೆರೈಟ್, ಆಸರೆಗಳ ಬುಡಕ್ಕೆ ನಿಯೋಡಿಮಿಯಮ್ ಸರಿಯಾದ ಹಂಚಿಕೆ. ಬುಡಕ್ಕೆ ಹಾಕುವುದಾದರೆ ಉಕ್ಕಿನ ಬಟ್ಟಲಿನೊಳಗೆ ಕೂರಿಸಿ, ನಡುವೆ ಸ್ಕ್ರೂ ತೂತು ಬಿಟ್ಟಿರುವ ಪಾಟ್ ಮ್ಯಾಗ್ನೆಟ್ ಎಲ್ಲಕ್ಕಿಂತ ಒಳ್ಳೆಯದು. ಅದರ ಬಲವೆಲ್ಲ ಕೆಳಮುಖವಾಗಿಯೇ ಇರುತ್ತದೆ, ಪಕ್ಕದ ಆಸರೆಯನ್ನು ಕೆಣಕುವುದಿಲ್ಲ.

ಕೆಣಕುವುದೆಂದರೇನು ಎಂಬುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. 3 ಮಿಲಿಮೀಟರ್ ಬಾಲ್ಸಾ ಗೋಡೆಯೊಂದನ್ನು ಎರಡೂ ಮಗ್ಗುಲಿನಿಂದ ಹಿಡಿಯಲೆಂದು ಒಂದು ಆಸರೆಯನ್ನು ಮೊದಲೇ ಇಟ್ಟಿದ್ದೇವೆ ಎಂದುಕೊಳ್ಳೋಣ. ಎರಡನೆಯದನ್ನು ಇನ್ನೊಂದು ಕಡೆಯಿಂದ ಮೆಲ್ಲಗೆ ಸರಿಸಿಕೊಂಡು ಬರುತ್ತೇವೆ. ಎರಡರ ಧ್ರುವಗಳು ಒಂದಕ್ಕೊಂದು ತಲೆಕೆಳಗಾಗಿ ಕೂತಿದ್ದರೆ, ಕೊನೆಯ ಒಂದೆರಡು ಸೆಂಟಿಮೀಟರ್ ಉಳಿದಾಗ ಅದು ಬೆರಳಿನಿಂದ ತಪ್ಪಿಸಿಕೊಂಡು ಜಿಗಿಯುತ್ತದೆ, ನಡುವೆ ಸಿಕ್ಕ ಬಾಲ್ಸಾದ ಮೈಯಲ್ಲಿ ಅಂಚಿನ ಗುರುತು ಮೂಡುತ್ತದೆ, ಇಲ್ಲವೇ ಗೋಡೆ ಬುಡದಲ್ಲಿ ಸರಿದುಹೋಗುತ್ತದೆ. ಎಲ್ಲ ಆಸರೆಗಳಲ್ಲೂ ಒಂದೇ ಧ್ರುವ ಕೆಳಮುಖವಾಗಿದ್ದರೆ ಅವು ಪಕ್ಕಪಕ್ಕ ಬಂದಾಗ ಪರಸ್ಪರ ದೂಡುತ್ತವೆ. ಅದೂ ಕಿರಿಕಿರಿಯೇ, ಆದರೆ ಏನನ್ನೂ ಜಜ್ಜುವುದಿಲ್ಲ. ಒಳ್ಳೆಯ ಸೆಟ್ಟುಗಳಲ್ಲಿ ತಯಾರಕರು ಈ ಎಚ್ಚರ ವಹಿಸಿರುತ್ತಾರೆ. ಅಗ್ಗದವುಗಳಲ್ಲಿ ಕೈಗೆ ಬಂದ ಹಾಗೆ ಕೂರಿಸಿರುತ್ತಾರೆ. ಅಂಥದ್ದನ್ನು ಕೊಂಡವರು ಪ್ರತಿ ಆಸರೆಯ ತಲೆಯ ಮೇಲೂ ಮಾರ್ಕರಿನಿಂದ ಧ್ರುವದ ಗುರುತು ಹಾಕಿಕೊಳ್ಳುವುದು ಕ್ಷೇಮ.

ಅಯಸ್ಕಾಂತದ ನಿಜವಾದ ದೌರ್ಬಲ್ಯ ಅಡ್ಡಜಾರು. ಮೇಲಕ್ಕೆ ಕೀಳಲು ಎಷ್ಟು ಬಲ ಬೇಕೋ ಅಷ್ಟೇ ಬಲ ಪಕ್ಕಕ್ಕೆ ತಳ್ಳಲೂ ಬೇಕಾಗುತ್ತದೆಂದು ಯಾರಾದರೂ ಭಾವಿಸುವುದು ಸಹಜ. ವಾಸ್ತವದಲ್ಲಿ ಪಕ್ಕಕ್ಕೆ ತಡೆಯುವುದು ಘರ್ಷಣೆ ಮಾತ್ರ, ನುಣುಪಾದ ನಿಕಲ್ ಲೇಪ ನುಣುಪಾದ ತಗಡಿನ ಮೇಲೆ ಸೆಳೆತದ ಸುಮಾರು ಐದನೇ ಒಂದು ಪಾಲು ಬಲಕ್ಕೇ ಜಾರತೊಡಗುತ್ತದೆ. 5 ಕಿಲೋ ಸೆಳೆತದ ಅಯಸ್ಕಾಂತವೆಂದರೆ ಪಕ್ಕಕ್ಕೆ 1 ಕಿಲೋ ಆಸುಪಾಸು, ಕಾಗದ ಮತ್ತು ಪ್ಲಾಸ್ಟಿಕ್ಕಿನ ಅಂತರವನ್ನು ಕಳೆದರೆ ಇನ್ನೂ ಕಡಿಮೆ. ಮಾದರಿ ಕಟ್ಟುವಾಗ ಬೀಳುವ ಒತ್ತಡಗಳಲ್ಲಿ ಹೆಚ್ಚಿನವು ಪಕ್ಕಕ್ಕೇ ಬೀಳುತ್ತವೆಯಾದ್ದರಿಂದ ಈ ಲೆಕ್ಕ ಮುಖ್ಯ. ರಬ್ಬರ್ ಹೊದಿಕೆಯ ಅಯಸ್ಕಾಂತಗಳು ಜಾರುವುದು ಕಡಿಮೆ. ನೇರ ಸೆಳೆತದಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಅಡ್ಡ ಹಿಡಿತದಲ್ಲಿ ಅವು ಅದನ್ನು ಬಡ್ಡಿ ಸಮೇತ ವಾಪಸು ಕೊಡುತ್ತವೆ.

ಈ ಹಿನ್ನೆಲೆಯಲ್ಲಿ ಬೋರ್ಡು ಯಾವ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ ಎಂಬುದು ತಾನಾಗಿ ತಿಳಿಯುತ್ತದೆ. ಪೆಟ್ಟಿಗೆಯಾಕಾರದ ಫ್ಯೂಸಲಾಜ್, ಅಂದರೆ ವಿಮಾನದ ಒಡಲನ್ನು ಕಟ್ಟುವಾಗ ಎರಡು ಮಗ್ಗುಲುಗಳನ್ನು ಮೇಲ್ನೋಟದ ನಕಾಶೆಯ ಮೇಲೆ ಲಂಬವಾಗಿ ನಿಲ್ಲಿಸಿ ನಡುವೆ ಅಡ್ಡಗೋಡೆಗಳನ್ನು ಕೂರಿಸಬೇಕಾಗುತ್ತದೆ. ಪಿನ್ ಬಳಸುವವರು ಮರದ ತುಂಡು, ಮೂಲೆಮಟ್ಟ, ಪುಸ್ತಕ, ಡಬ್ಬಿ ಹೀಗೆ ಸಿಕ್ಕಿದ್ದನ್ನೆಲ್ಲ ಒತ್ತುಕೊಟ್ಟು ನಿಲ್ಲಿಸುವ ಈ ಹಂತದಲ್ಲಿ, ಮ್ಯಾಗ್ನೆಟಿಕ್ ಆಸರೆಗಳು ಹೊರಗಿನಿಂದ ನಾಲ್ಕು, ಒಳಗಿನಿಂದ ಎರಡು ನಿಂತರೆ ಇಡೀ ಪೆಟ್ಟಿಗೆ ಅಂಟು ಹಾಕುವ ಮುನ್ನವೇ ಮೂಲೆಮಟ್ಟಕ್ಕೆ ಸರಿಯಾಗಿ ನಿಲ್ಲುತ್ತದೆ. ಒಂದು ಮಗ್ಗುಲು ಗೆರೆಯಿಂದ ಅರ್ಧ ಮಿಲಿಮೀಟರ್ ಹೊರಗಿದ್ದರೆ ಆಸರೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಟ್ಟಿದರಾಯಿತು. ಪಿನ್ ಕಿತ್ತು, ಅದೇ ತೂತಿನ ಪಕ್ಕದಲ್ಲಿ ಇನ್ನೊಂದು ತೂತು ಮಾಡಲು ಹೋಗಿ ಅದು ಹಳೆಯ ತೂತಿಗೇ ಜಾರುವ ಗೋಳು ಇಲ್ಲಿಲ್ಲ. ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳಾದ ರಿಬ್‌ಗಳನ್ನು, ರೆಕ್ಕೆಯ ಉದ್ದಕ್ಕೂ ಹಾಯುವ ಮುಖ್ಯ ಕಡ್ಡಿಯಾದ ಸ್ಪಾರಿನ ಮೇಲೆ ಲಂಬವಾಗಿ ನಿಲ್ಲಿಸುವುದಕ್ಕೂ ಇದೇ ಮಾತು. ಲೇಸರಿನಲ್ಲಿ ಕತ್ತರಿಸಿದ ರಿಬ್‌ಗಳ ಕೆಳಗೆ ಆಧಾರದ ಹಲ್ಲುಗಳಿದ್ದರಂತೂ ಅವನ್ನು ಎರಡು ಫೆರೈಟ್ ಗಟ್ಟಿಗಳ ನಡುವೆ ಹಿಡಿಸಿಬಿಟ್ಟರೆ ಮುಗಿಯಿತು. ಗೊಂಬೆಮನೆ, ಮಾದರಿ ರೈಲಿನ ಕಟ್ಟಡ, ಹಡಗಿನ ಮೇಲಿನ ಸಣ್ಣ ಕೊಠಡಿಗಳಂಥ ಚೌಕ ಮೂಲೆಗಳ ಕೆಲಸದಲ್ಲಿ ಬೋರ್ಡಿಗೆ ಇನ್ನೂ ಹೆಚ್ಚಿನ ಬೆಲೆಯಿದೆ, ಅಲ್ಲಿ ನಕಾಶೆಯ ಕಾಗದವೂ ನಡುವೆ ಇರುವುದಿಲ್ಲ.

ಮರಕ್ಕೆ ಗಾಯವಾಗುವುದಿಲ್ಲ ಎಂಬುದು ಎರಡನೆಯ ಲಾಭ. 1.5 ಮಿಲಿಮೀಟರ್ ಚೌಕದ ಕಡ್ಡಿಗೆ ಪಿನ್ ಚುಚ್ಚಿದರೆ ಅದು ಎಳೆಯ ಗುಂಟ ಸೀಳುತ್ತದೆ. ಅನುಭವಿಗಳು ಕಡ್ಡಿಗೆ ಚುಚ್ಚದೆ ಇಕ್ಕೆಲಗಳಲ್ಲಿ ಪಿನ್ನುಗಳನ್ನು ಓರೆಯಾಗಿ ನೆಟ್ಟು ಹಿಡಿಯುತ್ತಾರೆಂಬುದು ನಿಜ, ಆದರೂ ಗಟ್ಟಿ ಪ್ಲೈವುಡ್ಡಿನ ಭಾಗಗಳಿಗೆ ಆ ಉಪಾಯವೂ ಸಾಲುವುದಿಲ್ಲ. ನಕಾಶೆ ತೂತುಗಳಿಲ್ಲದೆ ಉಳಿಯುತ್ತದೆ, ಬೆರಳ ತುದಿಗಳೂ ಉಳಿಯುತ್ತವೆ.

ಈಗ ಇನ್ನೊಂದು ಮಗ್ಗುಲು. ರೆಕ್ಕೆಯ ತುದಿಗೋ ಬಾಲದ ಹೊರರೇಖೆಗೋ ತೆಳು ಪಟ್ಟಿಗಳನ್ನು ನೆನೆಸಿ ಬಗ್ಗಿಸಿ ಪದರ ಪದರವಾಗಿ ಅಂಟಿಸುವ ಕೆಲಸವನ್ನು ಈ ಬೋರ್ಡಿನ ಮೇಲೆ ಮಾಡಲು ಹೊರಟರೆ ತಾಳ್ಮೆ ಕೆಡುತ್ತದೆ. ಬಗ್ಗಿದ ಪಟ್ಟಿ ನೇರವಾಗಲು ಸದಾ ಹವಣಿಸುತ್ತಿರುತ್ತದೆ, ಆ ಒತ್ತಡವೆಲ್ಲ ಪಕ್ಕಕ್ಕೇ ಬೀಳುತ್ತದೆ. ಅಂಟು ಒಣಗುವ ಹೊತ್ತಿಗೆ ಅಯಸ್ಕಾಂತಗಳು ಒಂದೊಂದಾಗಿ ಹಿಂದೆ ಸರಿದು ಬಾಗು ಚಪ್ಪಟೆಯಾಗಿರುತ್ತದೆ. ಬಾಗಿನ ಉದ್ದಕ್ಕೂ ಸೆಂಟಿಮೀಟರಿಗೊಂದರಂತೆ ಪಿನ್ ನೆಡಬಹುದು, ಆದರೆ ಅಷ್ಟು ಒತ್ತಾಗಿ ಅಯಸ್ಕಾಂತಗಳನ್ನಿಡಲು ಅವುಗಳ ಗಾತ್ರ ಬಿಡುವುದಿಲ್ಲ, ಇಟ್ಟರೂ ಅವು ಪರಸ್ಪರ ಜಗಳಕ್ಕೆ ಬೀಳುತ್ತವೆ. ಫ್ಯೂಸಲಾಜಿನ ಹಿಂತುದಿಯಲ್ಲಿ ಎರಡು ಮಗ್ಗುಲುಗಳನ್ನು ಎಳೆದು ಸೇರಿಸುವಾಗಲೂ ಇದೇ ತೊಂದರೆ, ಅಲ್ಲಿ ರಬ್ಬರ್ ಬ್ಯಾಂಡ್ ಅಥವಾ ಕ್ಲಿಪ್ಪು ಬಲ ಕೊಡಬೇಕು, ಅಯಸ್ಕಾಂತ ಬರಿಯ ದಾರಿ ತೋರಿಸಬೇಕು. ರೆಕ್ಕೆಯ ಮುಂಚೂಣಿಗೆ ತೆಳುಹಾಳೆ ಬಾಗಿಸಿ ಹೊದಿಸುವುದೂ ಇದಕ್ಕೆ ಒಗ್ಗದ ಕೆಲಸ. 33 ಸೆಂಟಿಮೀಟರ್ ರೆಕ್ಕೆಯಗಲದ ಪೀನಟ್ ಎಂಬ ಪುಟ್ಟ ವಿಮಾನ ಮಾದರಿಗಳಲ್ಲಿ ಕಡ್ಡಿಗಳಿಗಿಂತ ಅಯಸ್ಕಾಂತಗಳೇ ದೊಡ್ಡವಾಗಿ ಕಾಣುತ್ತವೆ, ನಕಾಶೆಯ ಗೆರೆಯೇ ಅವುಗಳಡಿ ಮುಚ್ಚಿಹೋಗುತ್ತದೆ.

ಮೇಲಿನಿಂದ ಒತ್ತುವ ಸಮಸ್ಯೆಗೆ ಮಾತ್ರ ಒಂದು ಪರಿಹಾರವಿದೆ. ಸ್ವಲ್ಪ ಸೊಟ್ಟಗಿರುವ ಕಡ್ಡಿಯ ಮೇಲೆ ನೇರವಾಗಿ ಅಯಸ್ಕಾಂತ ಇಟ್ಟರೆ ಕಡ್ಡಿಯ ದಪ್ಪವೇ ಅಂತರವಾಗಿ ಸೆಳೆತ ಕ್ಷೀಣಿಸುತ್ತದೆ. ಅದರ ಬದಲು ಇಕ್ಕೆಲಗಳಲ್ಲಿ ಅಯಸ್ಕಾಂತದ ಕಾಲುಗಳಿರುವ ಸಣ್ಣ ಸೇತುವೆಯೊಂದನ್ನು ಕಡ್ಡಿಯ ಮೇಲೆ ಹಾಯಿಸಿದರೆ ಅದು ಚೆನ್ನಾಗಿ ಅದುಮುತ್ತದೆ. ಅನೇಕ ಸಿದ್ಧ ಸೆಟ್ಟುಗಳಲ್ಲಿ ಈ ಸೇತುವೆಯೇ ಇರುವುದಿಲ್ಲ, ಇದ್ದ ಸೆಟ್ಟನ್ನು ಕಣ್ಣುಮುಚ್ಚಿ ಆರಿಸಬಹುದು.

ಆಸರೆಗಳ ನಿಖರತೆಯ ಬಗ್ಗೆ ಕಟುವಾಗಿಯೇ ಹೇಳಬೇಕಾಗಿದೆ. ನನಗೆ ಬಂದ ಒಂದು ಸೆಟ್ಟಿನಲ್ಲಿ ಪ್ಲಾಸ್ಟಿಕ್ ಆಸರೆಗಳ ಒಳಮೂಲೆಗೆ ಮೂಲೆಮಟ್ಟವನ್ನು ಹಿಡಿದು ಬೆಳಕಿಗೆ ಎತ್ತಿದರೆ ಮೇಲ್ಭಾಗದಲ್ಲಿ ಸಣ್ಣ ಬೆಳಕಿನ ಗೀಟು ಕಾಣುತ್ತಿತ್ತು, ಒಂದೊಂದು ಆಸರೆಯಲ್ಲಿ ಒಂದೊಂದು ಪ್ರಮಾಣದಲ್ಲಿ. ಅರ್ಧ ಡಿಗ್ರಿಯ ವ್ಯತ್ಯಾಸವೆಂದರೆ 75 ಮಿಲಿಮೀಟರ್ ಎತ್ತರದಲ್ಲಿ ಸುಮಾರು 0.65 ಮಿಲಿಮೀಟರ್, ಎರಡು ಮಗ್ಗುಲುಗಳು ವಿರುದ್ಧ ದಿಕ್ಕಿಗೆ ವಾಲಿದರೆ ಅದು ದುಪ್ಪಟ್ಟು. ಲಂಬವಾಗಿ ನಿಲ್ಲಿಸುವುದೇ ಈ ಏರ್ಪಾಡಿನ ಮುಖ್ಯ ಗುಣವಾಗಿರುವಾಗ ಲಂಬವಿಲ್ಲದ ಆಸರೆಯನ್ನು ಮಾರುವುದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಅದೇ ಸೆಟ್ಟಿನಲ್ಲಿ ಆಸರೆಯನ್ನು ಎತ್ತಿದಾಗ ಅಯಸ್ಕಾಂತ ಬೋರ್ಡಿನಲ್ಲೇ ಉಳಿದು ಪ್ಲಾಸ್ಟಿಕ್ ಮಾತ್ರ ಕೈಗೆ ಬರುತ್ತಿತ್ತು, ಕೂರಿಸಲು ಬಳಸಿದ ಅಂಟು ಅಷ್ಟು ದುರ್ಬಲವಾಗಿತ್ತು. ಅಲ್ಯೂಮಿನಿಯಂ ಎಲ್-ಪಟ್ಟಿಯಿಂದ ಮಾಡಿದ, ಸ್ಕ್ರೂ ಹಾಕಿ ಅಯಸ್ಕಾಂತ ಬಿಗಿದ ಆಸರೆಗಳು ಈ ಎರಡೂ ದೋಷಗಳಿಂದ ಬಹುಮಟ್ಟಿಗೆ ಮುಕ್ತ. ಒಳಮೂಲೆಯ ಬುಡವನ್ನು 3-4 ಮಿಲಿಮೀಟರ್ ಕೊರೆದು ಖಾಲಿ ಬಿಟ್ಟಿದ್ದಾರೆಯೇ ಎಂಬುದನ್ನೂ ನೋಡಬೇಕು. ಹಾಗೆ ಬಿಟ್ಟಿದ್ದರೆ ಜಂಟಿಯಿಂದ ಉಕ್ಕಿದ ಅಂಟು ಆ ಪೊಳ್ಳಿನಲ್ಲಿ ಉಳಿಯುತ್ತದೆ, ಆಸರೆ ಮಾದರಿಗೆ ಅಂಟಿಕೊಳ್ಳುವುದಿಲ್ಲ.

ಅಂಟಿನ ಪ್ರಸ್ತಾಪ ಬಂದದ್ದರಿಂದ ಇನ್ನೆರಡು ಮಾತು. ನೀರಿನಂತೆ ತೆಳುವಾದ ಸೈನೋಅಕ್ರಿಲೇಟ್ (ಸೂಪರ್ ಗ್ಲೂ ಬಗೆಯ) ಅಂಟು ಆಸರೆಯ ಬುಡಕ್ಕೆ ಹರಿದು ಕ್ಷಣದಲ್ಲಿ ಹಿಡಿದುಬಿಡುತ್ತದೆ. ಮರಕ್ಕೆ ತಾಗುವ ಮೈಗಳಿಗೆಲ್ಲ ಪ್ಯಾಕಿಂಗ್ ಟೇಪು ಅಂಟಿಸಿಕೊಂಡರೆ ಬಿಡಿಸುವುದು ಸುಲಭ. ಬಿಳಿ ಮರದಂಟಿನ ನೀರು ಮೆತ್ತನೆಯ ಹಲಗೆಗಾದರೆ ಅಷ್ಟಿಷ್ಟು ಇಂಗಿಹೋಗಬಹುದು, ಉಕ್ಕು ಮತ್ತು ಪ್ಲಾಸ್ಟಿಕ್ಕಿನ ಮೇಲೆ ಎಲ್ಲಿಗೂ ಹೋಗಲಾರದು. ಕೆಳಮೈಯ ಜಂಟಿಗಳು ತಡವಾಗಿ ಒಣಗುತ್ತವೆ, ಹಾಗೆಯೇ ಬಿಟ್ಟ ತಗಡಿಗೆ ತುಕ್ಕು ಹಿಡಿಯುತ್ತದೆ.

ಬೋರ್ಡಿನ ಮೇಲೆ ಕತ್ತರಿಸುವುದು ಸಲ್ಲದು. ಉಕ್ಕಿಗೆ ತಾಗಿದ ಅಲಗು ಒಂದೇ ಗೀಟಿಗೆ ಮೊಂಡಾಗುವುದಷ್ಟೇ ಅಲ್ಲ, ಬಲವಾದ ಅಯಸ್ಕಾಂತದ ಪಕ್ಕದಲ್ಲಿ ಹಾಯುವ ಅಲಗು ಅದರತ್ತ ಸೆಳೆಯಲ್ಪಟ್ಟು ಗೆರೆ ತಪ್ಪುತ್ತದೆ, ಆ ಹೊತ್ತಿನಲ್ಲಿ ಇನ್ನೊಂದು ಕೈಯ ಬೆರಳು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಲೋಹದ ಪುಡಿ ಅಯಸ್ಕಾಂತಗಳ ಮೈಗೆ ಗಡ್ಡದಂತೆ ಹತ್ತಿಕೊಂಡು ಆಸರೆಯನ್ನು ಓರೆ ಮಾಡುವುದರಿಂದ ಅರ ಹಾಕುವ ಕೆಲಸವನ್ನೂ ದೂರದಲ್ಲೇ ಮಾಡಬೇಕು. ಹತ್ತಿದ ಪುಡಿಯನ್ನು ಒತ್ತಿ ಕೀಳುವ ಟೇಪಿನಿಂದ ತೆಗೆಯಬಹುದು. ನಿಯೋಡಿಮಿಯಮ್ ಬಿಲ್ಲೆಗಳು ಒಂದಕ್ಕೊಂದು ಬಡಿದರೆ ಒಡೆದು ಚೂರುಗಳು ಹಾರುತ್ತವೆ. ಸಾಮಾನ್ಯ ದರ್ಜೆಯವು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳತೊಡಗುವುದರಿಂದ ರೆಕ್ಕೆಗೆ ಹೊದಿಕೆ ಹಾಕುವ ಇಸ್ತ್ರಿಯನ್ನು ಅವುಗಳ ಹತ್ತಿರ ತರಬಾರದು. ದಿಕ್ಸೂಚಿ ಚಿಪ್ ಇರುವ ಹಾರಾಟ ನಿಯಂತ್ರಕಗಳನ್ನು ಬೋರ್ಡಿನ ಮೇಲೆ ಇಡಬಾರದು. ಪೇಸ್‌ಮೇಕರ್ ಇರುವವರು ಇಂಥ ಅಯಸ್ಕಾಂತಗಳನ್ನು ಎದೆಯಿಂದ ಕನಿಷ್ಠ 15 ಸೆಂಟಿಮೀಟರ್ ದೂರವಿಡಬೇಕು, ಬೋರ್ಡಿನ ಮೇಲೆ ಬಗ್ಗಿ ಕೆಲಸ ಮಾಡುವ ಹವ್ಯಾಸವಾದ್ದರಿಂದ ಅವರು ಪಿನ್ನಿನಲ್ಲೇ ಮುಂದುವರಿಯುವುದು ಒಳ್ಳೆಯದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಿಡಿ ಬಿಲ್ಲೆಗಳು ಮೇಜಿನ ಮೇಲೆ ಉಳಿಯಲೇಬಾರದು: ಎರಡನ್ನು ನುಂಗಿದರೆ ಅವು ಕರುಳಿನ ಗೋಡೆಗಳನ್ನು ನಡುವೆ ಹಿಡಿದು ಒಂದಕ್ಕೊಂದು ಅಂಟಿ ತೂತು ಮಾಡಬಲ್ಲವು.

ಯಾರು ಕೊಳ್ಳಬೇಕು? ಪೆಟ್ಟಿಗೆ ಫ್ಯೂಸಲಾಜಿನ, ನೇರ ರೆಕ್ಕೆಯ, ಒಂದು ಮೀಟರ್ ಸುಮಾರಿನ ಅಥವಾ ಅದಕ್ಕಿಂತ ದೊಡ್ಡ ಮಾದರಿಗಳನ್ನು ಕಟ್ಟುವವರಿಗೂ ಕಟ್ಟಡಗಳ ಮಾದರಿ ಮಾಡುವವರಿಗೂ ಹಿಂಜರಿಕೆಯಿಲ್ಲದೆ ಹೇಳಬಹುದು. ಹಳೆಯ ಕಾಲದ ಬಾಗುರೇಖೆಗಳ ಸಣ್ಣ ವಿಮಾನಗಳಲ್ಲಿ ಮುಳುಗಿರುವವರಿಗೆ ಇದು ಅಲಂಕಾರದ ವಸ್ತುವಾಗಿ ಉಳಿಯುವ ಸಂಭವವೇ ಹೆಚ್ಚು. ಪೂರ್ತಿ ಸೆಟ್ಟಿನ ಬದಲು ಒಳ್ಳೆಯ ಸಮತಲದ ಬೋರ್ಡನ್ನೂ ನಾಲ್ಕಾರು ನಿಖರ ಆಸರೆಗಳನ್ನೂ ಮೊದಲು ತಂದು, ಅಗ್ಗದ ಫೆರೈಟ್ ಗಟ್ಟಿಗಳನ್ನು ಬೇಕಾದಂತೆ ಸೇರಿಸಿಕೊಳ್ಳುವುದು ನನ್ನ ಸಲಹೆ, ಏಕೆಂದರೆ ಆಸರೆ ಎಷ್ಟು ಬೇಕೆಂಬುದು ಒಂದು ಮಾದರಿ ಮುಗಿಯುವವರೆಗೆ ಯಾರಿಗೂ ತಿಳಿಯುವುದಿಲ್ಲ. ಪಿನ್ ಹಲಗೆಯನ್ನು ಅಟ್ಟಕ್ಕೆ ಹಾಕುವ ಅಗತ್ಯವೂ ಇಲ್ಲ: ಸುಮಾರು 12 ಮಿಲಿಮೀಟರ್ ದಪ್ಪದ ಮೆತ್ತನೆಯ ಹಲಗೆಯನ್ನು ಅದೇ ಅಳತೆಗೆ ಕತ್ತರಿಸಿಕೊಂಡರೆ, ರೆಕ್ಕೆಯ ತುದಿ ಬಗ್ಗಿಸುವ ದಿನ ಅದನ್ನು ಉಕ್ಕಿನ ಮೇಲೆಯೇ ಹಾಸಿ, ಅದೇ ಸಮತಲದ ಮೇಲೆ ಪಿನ್ ಚುಚ್ಚಿ ಕೆಲಸ ಮಾಡಬಹುದು.